ಬಂಡೂರು ತಳಿಯ ಟಗರುಮರಿ ಕೊಳ್ಳುವವರಿಗೆ ಮಾಹಿತಿ: ನಂಬಿಗಸ್ತ ಸಾಕಾಣಿಕೆದಾರರನ್ನು ಗುರುತಿಸುವ ಬಗೆ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಹೋಬಳಿಯು ಕಾವೇರಿ ನಾಲೆಗಳ ನೀರಾವರಿಗೆ ಒಳಪಟ್ಟಿದ್ದು, ಭತ್ತ ಮತ್ತು ಕಬ್ಬು ಇಲ್ಲಿಯ ಮುಖ್ಯ ಬೆಳೆಗಳಾಗಿವೆ. ದೊಡ್ಡ ಮಂದೆಯನ್ನು ಊರಿಂದ ಊರಿಗೆ ಅಟ್ಟಿಕೊಂಡು ಮೇಯಿಸುವ ಪದ್ಧತಿಗಿಂತ, ಮನೆಯ ಹಿತ್ತಲಲ್ಲಿ ಎರಡು, ನಾಲ್ಕು ಅಥವಾ ಹತ್ತು ಕುರಿಗಳನ್ನು ಕಟ್ಟಿ, ಗದ್ದೆಯ ಬದುವಿನ ಹುಲ್ಲು, ಮರದ ಸೊಪ್ಪು ಹಾಗೂ ಕಾಳುಗಳ ಹೊಟ್ಟು ಹಾಕಿ ಸಾಕುವುದು ಈ ಭಾಗದ ವಾಡಿಕೆ. ಇಂತಹ ಸಾಕಾಣಿಕೆಗೆ ಹೇಳಿಮಾಡಿಸಿದ ತಳಿ ಬಂಡೂರು. ತಳಿಯ ತವರು ಹತ್ತಿರದಲ್ಲಿಯೇ ಇದ್ದರೂ, ಶುದ್ಧ ತಳಿಯ ಟಗರುಮರಿ ಎಂದು ಹೆಚ್ಚಿನ ಬೆಲೆ ಕೊಟ್ಟು ಮಿಶ್ರ ತಳಿಯ ಮರಿಯನ್ನು ಮನೆಗೆ ತಂದುಕೊಳ್ಳುವ ಸಂಭವ ಇಂದು ಹೆಚ್ಚಾಗಿದೆ. ಆದುದರಿಂದ ಮರಿಯನ್ನು ಕೊಳ್ಳಲು, ಸಾಲಕ್ಕೆ ಅಥವಾ ಸಹಾಯಧನಕ್ಕೆ ಅರ್ಜಿ ಸಲ್ಲಿಸಲು ಉದ್ದೇಶಿಸಿರುವ ರೈತರ ಅವಗಾಹನೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ತಳಿಯ ಪರಿಚಯ

ಈ ತಳಿಗೆ ಹೆಸರು ಬಂದಿರುವುದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದ. ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಪಟ್ಟಣದ ಹೆಸರಿನಿಂದ ಇದನ್ನೇ ಬನ್ನೂರು ಕುರಿ ಎಂದೂ ಕರೆಯುತ್ತಾರೆ. ಸರ್ಕಾರಿ ದಾಖಲೆಗಳಲ್ಲಿ ಹಾಗೂ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೋದ ನೋಂದಣಿಯಲ್ಲಿ ಇರುವ ಹೆಸರು ಮಂಡ್ಯ ಕುರಿ. ಮೂರೂ ಒಂದೇ ತಳಿಯ ಹೆಸರುಗಳು. 'ಬಂಡೂರು ಬೇರೆ, ಬನ್ನೂರು ಬೇರೆ, ಇದು ಅದಕ್ಕಿಂತ ಮೇಲು' ಎಂದು ಹೇಳಿ ಬೆಲೆ ಏರಿಸುವ ಮಾರಾಟಗಾರರ ಮಾತಿಗೆ ಆಧಾರವಿಲ್ಲ.

ಬಂಡೂರು ಗಾತ್ರದಲ್ಲಿ ಚಿಕ್ಕ ಕುರಿ. ಪೂರ್ಣ ಬೆಳೆದ ಟಗರು ಸುಮಾರು 35 ಕೆ.ಜಿ., ಹೆಣ್ಣುಕುರಿ ಸುಮಾರು 24 ಕೆ.ಜಿ. ತೂಗುತ್ತದೆ. ಹುಟ್ಟಿದ ಮರಿಯ ತೂಕ ಎರಡು ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ. ಮೈ ಬಿಳಿ, ಕೆಲವುಗಳಲ್ಲಿ ಮುಖ ತೆಳು ಕಂದು ಬಣ್ಣವಾಗಿದ್ದು ಆ ಬಣ್ಣ ಕತ್ತಿನವರೆಗೂ ಇಳಿದಿರುವುದುಂಟು. ಕಿವಿಗಳು ಉದ್ದವಾಗಿ ಎಲೆಯಂತೆ ಜೋತುಬಿದ್ದಿರುತ್ತವೆ. ಮೂಗಿನ ಗೆರೆ ಸ್ವಲ್ಪ ಉಬ್ಬಿರುತ್ತದೆ. ಗಂಡು ಹೆಣ್ಣು ಎರಡಕ್ಕೂ ಕೊಂಬಿಲ್ಲ. ಬಾಲ ಗಿಡ್ಡ ಮತ್ತು ಸಣ್ಣ. ಬಹಳಷ್ಟು ಕುರಿಗಳ ಕತ್ತಿನ ಕೆಳಗೆ ಎರಡು ಸಣ್ಣ ಚರ್ಮದ ಗೊಂಡೆಗಳು ಜೋತಾಡುತ್ತಿರುತ್ತವೆ. ಅವು ಇಲ್ಲದ ಮಾತ್ರಕ್ಕೆ ಮರಿ ಅಶುದ್ಧವೆಂದಾಗಲಿ, ಇದ್ದ ಮಾತ್ರಕ್ಕೆ ಶುದ್ಧವೆಂದಾಗಲಿ ತೀರ್ಮಾನಿಸಬಾರದು. ಇದರ ಮೈಯ ಮೇಲಿರುವುದು ಒರಟು ಕೂದಲೇ ಹೊರತು ಉಣ್ಣೆಯಲ್ಲ. ಇದು ಮಾಂಸದ ತಳಿ. ಹಿಂದಿನಿಂದ ನೋಡಿದಾಗ ತೊಡೆಗಳು ತುಂಬಿಕೊಂಡು, ಲಾಳವನ್ನು ಕವಿಚಿ ನಿಲ್ಲಿಸಿದಂತೆ ಕಾಣುವುದು ಈ ತಳಿಯ ಮುಖ್ಯ ಲಕ್ಷಣ. ಕೊಬ್ಬು ಮಾಂಸದ ಎಳೆಗಳ ನಡುನಡುವೆ ಹರಡಿರುವುದರಿಂದ ಇದರ ಮಾಂಸಕ್ಕೆ ವಿಶೇಷ ರುಚಿ ಇದೆ ಎಂಬ ಹೆಸರಿದ್ದು, ಬೇಡಿಕೆಯೂ ಅದರಿಂದಲೇ ಬಂದಿದೆ. ಒಂದೇ ಟಗರಿಗೆ ಲಕ್ಷ ರೂಪಾಯಿ ಮೀರಿದ ಬೆಲೆ ಬಂದ ಸುದ್ದಿಗಳು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗಿವೆ.

ತೊಂದರೆ ಎಲ್ಲಿದೆ

ಬೇಡಿಕೆ ಏರಿದಂತೆ ಶುದ್ಧ ತಳಿಯ ಕುರಿಗಳು ಕಡಿಮೆಯಾದವು. ಚಿಕ್ಕ ಗಾತ್ರದ ಹೆಣ್ಣುಕುರಿಗೆ ಬೇರೆ ಸೀಮೆಯ ಎತ್ತರದ ಟಗರನ್ನು ಬಿಟ್ಟರೆ ಹುಟ್ಟುವ ಮರಿ ಬೇಗ ತೂಕಕ್ಕೆ ಬರುತ್ತದೆಂಬ ಲೆಕ್ಕದಲ್ಲಿ ಅನೇಕರು ಹಾಗೆ ಮಾಡಿದರು. ಕಸಾಯಿಗಾಗಿಯೇ ಸಾಕುವವರ ಮಟ್ಟಿಗೆ ಆ ಲೆಕ್ಕ ತಪ್ಪೆಂದು ಹೇಳಲಾಗದು. ಆದರೆ ಅಂತಹ ಬೆರಕೆಯಿಂದ ಹುಟ್ಟಿದ ಮರಿಯು ತಾಯಿಯ ಬಿಳಿ ಬಣ್ಣವನ್ನೂ ಜೋತ ಕಿವಿಯನ್ನೂ ಹೊತ್ತು ಬಂದಾಗ, ಅದನ್ನು ಬಂಡೂರು ತಳಿಯ ಟಗರುಮರಿ ಎಂದು ಸಂತೆಯಲ್ಲಿ ನಿಲ್ಲಿಸುವುದು ಸುಲಭ. ಚೆನ್ನಾಗಿ ಹಿಂಡಿ ತಿಂದು ಕೊಬ್ಬಿದ ಮಿಶ್ರ ಮರಿಯ ತೊಡೆಯೂ ತುಂಬಿಕೊಂಡೇ ಇರುತ್ತದೆ. ಅನುಭವಿಗಳ ಕಣ್ಣೂ ಇಲ್ಲಿ ಮೋಸ ಹೋಗುತ್ತದೆ.

ನಷ್ಟ ಆ ಒಂದು ಮರಿಯ ಬೆಲೆಗೆ ನಿಲ್ಲುವುದಿಲ್ಲ. ಒಂದು ಟಗರನ್ನು 25 ರಿಂದ 30 ಹೆಣ್ಣುಕುರಿಗಳಿಗೆ ಬಿಡುವುದು ವಾಡಿಕೆ. ಬೀದಿಯಲ್ಲಿ ಒಬ್ಬರ ಬಳಿ ಟಗರಿದ್ದರೆ ಅಕ್ಕಪಕ್ಕದ ಮನೆಯವರ ಕುರಿಗಳೂ ಅದಕ್ಕೇ ಬರುತ್ತವೆ. ಅರ್ಧ ಪಾಲು ಹೊರ ರಕ್ತವುಳ್ಳ ಟಗರನ್ನು ಶುದ್ಧ ಹೆಣ್ಣುಕುರಿಗಳಿಗೆ ಬಿಟ್ಟರೆ ಹುಟ್ಟುವ ಪ್ರತಿಯೊಂದು ಮರಿಯಲ್ಲಿಯೂ ಸರಾಸರಿ ಕಾಲು ಪಾಲು ಹೊರ ರಕ್ತ ಸೇರುತ್ತದೆ. ತಪ್ಪನ್ನು ತಿಳಿದ ಮೇಲೆ ಶುದ್ಧ ಟಗರನ್ನು ತಂದು ಬಿಟ್ಟರೂ ಅದು ಮುಂದಿನ ತಲೆಮಾರಿನಲ್ಲಿ ಎಂಟನೆಯ ಒಂದು ಪಾಲಿಗೆ, ಅದರ ಮುಂದಿನದರಲ್ಲಿ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆಯೇ ಹೊರತು ಒಮ್ಮೆಗೇ ಹೋಗುವುದಿಲ್ಲ. ಒಂದು ತಲೆಮಾರಿಗೆ ಒಂದೂವರೆ ಎರಡು ವರ್ಷವಾದರೂ ಬೇಕು. ಒಂದು ಬೆಳಗಿನ ಸಂತೆ ವ್ಯಾಪಾರವನ್ನು ಸರಿಪಡಿಸಲು ಮೂರು ನಾಲ್ಕು ವರ್ಷ ಹಿಡಿಯುತ್ತದೆಂದು ಇದರ ಅರ್ಥ. ಆ ಬೀದಿಯ ಹಳೆಯ ಶುದ್ಧ ಕುರಿಗಳು ಅಷ್ಟರಲ್ಲಿ ಮಾರಾಟವಾಗಿ ಹೋಗಿದ್ದರೆ ಹಿಂದಿರುಗುವ ದಾರಿಯೂ ಉಳಿಯುವುದಿಲ್ಲ.

ಮರಿಯನ್ನು ನೋಡುವ ಮೊದಲು ಸಾಕಿದವರನ್ನು ನೋಡುವುದು

ಮರಿಯ ಮೈಯಲ್ಲಿ ಕಾಣದ ಸಂಗತಿಯನ್ನು ಅದರ ತಂದೆ ತಾಯಿಗಳು ತಿಳಿಸುತ್ತವೆ. ತಂದೆ ತಾಯಿಗಳ ವಿಚಾರವನ್ನು ಬಲ್ಲವರು ಸಾಕಿದವರು. ಆದ್ದರಿಂದ ಕೊಳ್ಳುವವರು ಮೊದಲು ಹುಡುಕಬೇಕಾದುದು ಸಾಕಾಣಿಕೆದಾರರನ್ನು. ಮರಿಯನ್ನು ಆಯುವುದು ಆಮೇಲಿನ ಕೆಲಸ.

ಮೊದಲ ಭೇಟಿಯಲ್ಲಿಯೇ ತಾಯಿಯನ್ನು ತೋರಿಸುವಂತೆ ಕೇಳತಕ್ಕದ್ದು. ಮರಿ ಹಾಲು ಬಿಡದಿದ್ದರೆ ಅದನ್ನು ಬಿಟ್ಟಾಗ ತನ್ನ ತಾಯಿಯ ಬಳಿಗೇ ಓಡುತ್ತದೆ. ಬೇರೆ ಕುರಿಯ ಬಳಿಗೆ ಹೋದರೆ ಅದು ಒದ್ದು ಓಡಿಸುತ್ತದೆ. ಇದಕ್ಕಿಂತ ಸರಳವಾದ ಪರೀಕ್ಷೆ ಇನ್ನೊಂದಿಲ್ಲ. 'ತಾಯಿ ಮೇಯಲು ಹೋಗಿದೆ' ಎಂಬ ಉತ್ತರ ಬಂದಲ್ಲಿ ಸಂಜೆಯವರೆಗೆ ಕಾಯಬಹುದು. 'ತಾಯಿಯನ್ನು ಮಾರಿಬಿಟ್ಟೆವು' ಎಂಬ ಉತ್ತರ ನಿಜವೂ ಇರಬಹುದು. ಆದರೆ ಒಂದೇ ಮನೆಯ ನಾಲ್ಕು ಮರಿಗಳಿಗೂ ಅದೇ ಉತ್ತರ ಬಂದಲ್ಲಿ ಆ ಮನೆ ಮರಿ ಸಾಕಿದ ಮನೆಯಲ್ಲ, ಮರಿ ತಂದು ಮಾರುವ ಮನೆ ಎಂದು ತಿಳಿಯತಕ್ಕದ್ದು.

ನಂತರ ತಂದೆಯ ವಿಚಾರ. ಟಗರು ಅದೇ ಮನೆಯದಾಗಿರಬೇಕೆಂದೇನೂ ಇಲ್ಲ. ಯಾರ ಮನೆಯ ಟಗರು, ಅದು ಈಗ ಎಲ್ಲಿದೆ, ಅದನ್ನು ಎಲ್ಲಿಂದ ತರಲಾಗಿತ್ತು ಎಂಬ ಮೂರು ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬರಬೇಕು. ಸಾಧ್ಯವಾದಲ್ಲಿ ಹೋಗಿ ಆ ಟಗರನ್ನೇ ನೋಡಬೇಕು. ಅದೇ ಟಗರಿಗೆ ಹುಟ್ಟಿದ ಬೇರೆ ಮರಿಗಳು ಆ ಊರಿನಲ್ಲಿದ್ದರೆ ಅವನ್ನೂ ನೋಡುವುದು ಅವಶ್ಯಕ. ಬೆರಕೆ ಟಗರಾಗಿದ್ದಲ್ಲಿ ಅದರ ಸಂತತಿಯಲ್ಲಿ ಒಂದು ಮರಿ ಗಿಡ್ಡ, ಇನ್ನೊಂದು ಉದ್ದ ಕಾಲಿನದು, ಒಂದರ ಕಿವಿ ಜೋತು, ಇನ್ನೊಂದರದು ಅಡ್ಡಕ್ಕೆ ಚಾಚಿದ್ದು, ಹೀಗೆ ಹೊಂದಿಕೆಯಿಲ್ಲದೆ ಕಾಣುತ್ತವೆ. ಒಂದು ಮರಿಯಲ್ಲಿ ಅಡಗಿದ್ದುದು ಹತ್ತು ಮರಿಗಳಲ್ಲಿ ಬಯಲಾಗುತ್ತದೆ.

ಲೆಕ್ಕ ಇಟ್ಟುಕೊಂಡ ಸಾಕಾಣಿಕೆದಾರರು ದೊರೆತರೆ ಅವರಿಗೆ ಮೊದಲ ಆದ್ಯತೆ ಕೊಡಬೇಕು. ಸಾಧಾರಣ ನೋಟ್ ಪುಸ್ತಕವೊಂದರಲ್ಲಿ ಮರಿಯ ಗುರುತು, ಹುಟ್ಟಿದ ದಿನಾಂಕ, ತಾಯಿ, ತಂದೆ, ಹುಟ್ಟಿದಾಗಿನ ತೂಕ, ಮೂರು ತಿಂಗಳ ತೂಕ, ಹಾಕಿಸಿದ ಲಸಿಕೆ, ಕುಡಿಸಿದ ಜಂತುಹುಳುವಿನ ಔಷಧ ಇಷ್ಟು ಇದ್ದರೆ ಸಾಕು. ಇಂತಹ ಪುಸ್ತಕ ಇರುವ ಮನೆಗಳು ಕಡಿಮೆ. ಪುಸ್ತಕ ಇಲ್ಲದಿರುವುದು ಅಪ್ರಾಮಾಣಿಕತೆಯ ಲಕ್ಷಣವೇನಲ್ಲ. ತಲೆತಲಾಂತರದಿಂದ ಕುರಿ ಸಾಕುತ್ತ ಬಂದ ಹಿರಿಯರು ತಮ್ಮ ಪ್ರತಿಯೊಂದು ಕುರಿಯ ಅಜ್ಜಿ ಯಾವುದು, ಅದು ಯಾವ ಹಬ್ಬದ ಮುಂಚೆ ಈದಿತ್ತು ಎಂಬುದನ್ನು ಬಾಯಿಯಲ್ಲೇ ಹೇಳಬಲ್ಲರು, ಮತ್ತು ಆ ನೆನಪು ಅನೇಕ ವೇಳೆ ಬರೆದ ಲೆಕ್ಕಕ್ಕಿಂತ ನಿಖರವಾಗಿರುತ್ತದೆ. ಬಾಯಿಮಾತನ್ನು ಪರಿಶೀಲಿಸುವ ಉಪಾಯವೆಂದರೆ ಎರಡು ಬಾರಿ ಹೋಗುವುದು. ಹದಿನೈದು ದಿನ ಬಿಟ್ಟು ಅದೇ ಪ್ರಶ್ನೆಯನ್ನು ಮನೆಯ ಇನ್ನೊಬ್ಬರಲ್ಲಿ, ಅದರಲ್ಲೂ ದಿನವೂ ಮೇವು ಹಾಕುವ ಹೆಂಗಸರಲ್ಲಿ ಕೇಳಿದಾಗ ಅದೇ ಉತ್ತರ ಬಂದರೆ ನಂಬಬಹುದು.

ನಂಬಿಗಸ್ತ ಸಾಕಾಣಿಕೆದಾರರು ಕೊಳ್ಳುವವರನ್ನೂ ಪ್ರಶ್ನಿಸುತ್ತಾರೆ. ಮರಿ ಕಸಾಯಿಗೋ ತಳಿಗೋ, ಮನೆಯಲ್ಲಿ ಎಷ್ಟು ಹೆಣ್ಣುಕುರಿಗಳಿವೆ, ಅವು ಎಲ್ಲಿಂದ ಬಂದವು, ಕಟ್ಟುವ ಜಾಗ ಒಣಗಿದೆಯೋ ಇಲ್ಲವೋ ಎಂದು ಕೇಳುವವರು ಆ ಮರಿಯ ಮುಂದಿನ ಗತಿಯ ಬಗ್ಗೆ ಯೋಚಿಸುತ್ತಾರೆಂದು ಅರ್ಥ. ಅಂತಹವರು ಮೂರು ತಿಂಗಳು ತುಂಬಿ ಹಾಲು ಬಿಡುವ ಮೊದಲು ಮರಿಯನ್ನು ಕೊಡಲು ಒಪ್ಪುವುದಿಲ್ಲ. ಮುಂಗಡ ಹಣ ಹಿಡಿದುಕೊಂಡು ಕಾಯಿಸುತ್ತಾರೆ. ಮರಿಯ ದೋಷವನ್ನು ತಾವಾಗಿಯೇ ಹೇಳುತ್ತಾರೆ. ಎಲ್ಲ ಮರಿಗಳೂ ತಳಿಗೆ ಯೋಗ್ಯವೆಂದು ಹೇಳುವವರಿಗಿಂತ, ಇದ್ದ ಐದರಲ್ಲಿ ಒಂದನ್ನು ಮಾತ್ರ ತಳಿಗೆ ಇಟ್ಟು ಉಳಿದವನ್ನು ಮಾಂಸಕ್ಕೆ ಎಂದು ಬೇರ್ಪಡಿಸುವವರು ಹೆಚ್ಚು ವಿಶ್ವಾಸಕ್ಕೆ ಅರ್ಹರು.

ಮೊಬೈಲಿನಲ್ಲಿ ಬಂದ ಚಿತ್ರವನ್ನು ನೋಡಿ ಮುಂಗಡ ಕಳುಹಿಸುವ ವ್ಯವಹಾರವನ್ನು ಯಾವ ಕಾರಣಕ್ಕೂ ಮಾಡತಕ್ಕದ್ದಲ್ಲ. ಒಂದೇ ಟಗರಿನ ಚಿತ್ರವನ್ನು ತೋರಿಸಿ ಹಲವರಿಂದ ಹಣ ಪಡೆಯಲು ಅಲ್ಲಿ ಅವಕಾಶವಿದೆ.

ಎಲ್ಲಿ ವಿಚಾರಿಸಬೇಕು

ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿರುವ ಕುರಿ ಸಂವರ್ಧನಾ ಕೇಂದ್ರದಲ್ಲಿ ಬಂಡೂರು ತಳಿಯ ಸಂವರ್ಧನೆ ನಡೆಯುತ್ತ ಬಂದಿದೆ. ಕುರಿ ಸಾಕಾಣಿಕೆಗೆ ಸಂಬಂಧಿಸಿದ ಯೋಜನೆಗಳನ್ನು ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವು ನಿರ್ವಹಿಸುತ್ತದೆ. ನಾಗಮಂಗಲದಲ್ಲಿ ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ, ಕುರಿಗಳಿಗೆ ಸಂಬಂಧಿಸಿದ ಜಾನುವಾರು ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳವರಿಗೆ ಇದು ಧನಗೂರಿಗಿಂತ ಹತ್ತಿರ. ಇಂತಹ ಕೇಂದ್ರಗಳಲ್ಲಿ ಮರಿಗಳಿಗೆ ದಾಖಲೆ ಇರುತ್ತದೆ. ಆದರೆ ಮಾರಾಟಕ್ಕೆ ಲಭ್ಯವಿರುವ ಮರಿಗಳು ಕಡಿಮೆ, ಕೇಳುವವರು ಹೆಚ್ಚು. ಲಭ್ಯತೆಯನ್ನು ಮುಂಚಿತವಾಗಿ ವಿಚಾರಿಸದೆ ವಾಹನ ಮಾಡಿಕೊಂಡು ಹೋಗುವುದು ವ್ಯರ್ಥ ಖರ್ಚು.

ಖಾಸಗಿ ಸಾಕಾಣಿಕೆದಾರರನ್ನು ಹುಡುಕುವವರು ಅರಕೆರೆಯಿಂದ ಬನ್ನೂರು, ಕಿರುಗಾವಲು ಮಾರ್ಗವಾಗಿ ಮಳವಳ್ಳಿಯ ಕಡೆಗಿನ ಗ್ರಾಮಗಳಲ್ಲಿ ವಿಚಾರಿಸಬಹುದು. ಆಯಾ ಗ್ರಾಮದ ಪಶುವೈದ್ಯಾಧಿಕಾರಿಗಳು, ಪಶುವೈದ್ಯಕೀಯ ಪರೀಕ್ಷಕರು ಹಾಗೂ ಕುರಿ ಸಾಕಾಣಿಕೆದಾರರ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ ಯಾರ ಮನೆಯಲ್ಲಿ ಎಂತಹ ಕುರಿಗಳಿವೆಯೆಂಬ ತಿಳಿವಳಿಕೆ ಇರುತ್ತದೆ. ಸಂತೆ ಬೆಲೆ ತಿಳಿಯಲು ಒಳ್ಳೆಯ ಜಾಗ. ತಳಿ ಟಗರನ್ನು ಕೊಳ್ಳಲು ಅದು ತಕ್ಕ ಜಾಗವಲ್ಲ. ಅಲ್ಲಿ ತಾಯಿಯೂ ಇಲ್ಲ, ತಂದೆಯೂ ಇಲ್ಲ, ನಾಳೆ ಹೋಗಿ ಕೇಳಲು ಮಾರಿದವರ ಮನೆಯೂ ಇಲ್ಲ.

ಮರಿಯ ಪರೀಕ್ಷೆ

ಮರಿಯನ್ನು ಬೆಳಿಗ್ಗೆ, ಮೇವು ಹಾಕುವ ಮೊದಲು ನೋಡುವುದು ಒಳ್ಳೆಯದು. ಉಪ್ಪು ನೆಕ್ಕಿಸಿ ಹೊಟ್ಟೆತುಂಬ ನೀರು ಕುಡಿಸಿದ ಮರಿ ತೂಕದಲ್ಲಿಯೂ ನೋಟದಲ್ಲಿಯೂ ಮೋಸ ಮಾಡುತ್ತದೆ.

ವಯಸ್ಸನ್ನು ಹಲ್ಲಿನಿಂದ ತಿಳಿಯಬಹುದು. ಒಂದು ವರ್ಷದೊಳಗಿನ ಮರಿಗೆ ಹಾಲುಹಲ್ಲುಗಳಷ್ಟೇ ಇರುತ್ತವೆ. ಮುಂದಿನ ಎರಡು ದೊಡ್ಡ ಹಲ್ಲುಗಳು ಬರುವುದು ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ. ನಾಲ್ಕು ಹಲ್ಲಾದಾಗ ಎರಡು ವರ್ಷ ಸಮೀಪಿಸಿದೆ ಎಂದು ಲೆಕ್ಕ. ಆರು ತಿಂಗಳ ಮರಿ ಎಂದು ಹೇಳಿದ ಟಗರಿಗೆ ಎರಡು ಹಲ್ಲು ಬಂದಿದ್ದರೆ, ಅದರ ಗಿಡ್ಡ ಮೈ ತಳಿಯ ಗುಣವಲ್ಲದೆ ಬೆಳವಣಿಗೆ ಕುಂಠಿತವಾದುದರ ಗುರುತೂ ಆಗಿರಬಹುದು. ಕೆಳಹಲ್ಲುಗಳು ಮೇಲಿನ ವಸಡಿಗೆ ಸರಿಯಾಗಿ ಕೂಡಬೇಕು. ದವಡೆ ಮುಂದೆ ಚಾಚಿದ ಅಥವಾ ಹಿಂದೆ ಸರಿದ ಮರಿಯನ್ನು ತಳಿಗೆ ಬಳಸಬಾರದು, ಏಕೆಂದರೆ ಈ ದೋಷ ಸಂತತಿಗೆ ಇಳಿಯುತ್ತದೆ. ಟಗರಿನ ಎರಡು ಬೀಜಗಳೂ ಇಳಿದು, ಸಮನಾಗಿ, ಗಟ್ಟಿಯಾಗಿರಬೇಕು. ಒಂದೇ ಬೀಜವುಳ್ಳ ಟಗರು ಕುರಿಗಳನ್ನು ಏರಬಹುದಾದರೂ ಅದನ್ನು ತಳಿಗೆ ಇಡುವಂತಿಲ್ಲ.

ಕೆಳರೆಪ್ಪೆಯನ್ನು ಮೆಲ್ಲನೆ ಇಳಿಸಿ ನೋಡಿದಾಗ ಒಳಗೆ ಕೆಂಪಾಗಿರಬೇಕು. ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಜಂತುಹುಳುಗಳಿವೆಯೆಂದು ಶಂಕಿಸಬೇಕು. ಗದ್ದದ ಕೆಳಗೆ ನೀರು ತುಂಬಿದಂತೆ ಊದಿಕೊಂಡಿದ್ದರೆ ಅದೂ ಇಂತಹುದೇ ಸೂಚನೆ. ಗೊರಸಿನ ಸಂದಿನಲ್ಲಿ ಹುಣ್ಣು ಅಥವಾ ದುರ್ವಾಸನೆ ಇರಬಾರದು. ಮರಿಯನ್ನು ನಾಲ್ಕು ಹೆಜ್ಜೆ ಓಡಿಸಿ ನೋಡತಕ್ಕದ್ದು.

ರಕ್ತಸಂಬಂಧದ ವಿಚಾರ

ಶುದ್ಧ ತಳಿ ಬೇಕೆಂಬ ಆತುರದಲ್ಲಿ ಹೆಚ್ಚಿನವರು ಮರೆಯುವ ಸಂಗತಿ ಇದು. ಬಂಡೂರು ಕುರಿಗಳ ಸಂಖ್ಯೆ ಕಡಿಮೆಯಾಗಿರುವುದರಿಂದ ಒಂದು ಊರಿನ ಕುರಿಗಳೆಲ್ಲ ಒಂದೇ ಟಗರಿನ ಸಂತತಿಯಾಗಿರುವ ಸಾಧ್ಯತೆ ಹೆಚ್ಚು. ಹೆಣ್ಣುಕುರಿಗಳನ್ನು ತಂದ ಮನೆಯಿಂದಲೇ ಟಗರುಮರಿಯನ್ನೂ ತಂದಲ್ಲಿ ಅಣ್ಣ ತಂಗಿಯರನ್ನೇ ಕೂಡಿಸಿದಂತಾಗುತ್ತದೆ. ಸಂಬಂಧಿಗಳ ಕೂಡುವಿಕೆಯಿಂದ ಹುಟ್ಟುವ ಮರಿಗಳು ಬಲಹೀನವಾಗಿರುವುದು, ಬೆಳೆಯದಿರುವುದು, ಹೆಚ್ಚು ಸಾಯುವುದು, ಕುರಿಗಳು ಗಬ್ಬ ನಿಲ್ಲದಿರುವುದು ಕಂಡುಬರುತ್ತದೆ. ಈ ನಷ್ಟವನ್ನು ಜನರು ಸಾಮಾನ್ಯವಾಗಿ ಮೇವಿನ ಮೇಲೆ, ಇಲ್ಲವೇ ಕಣ್ಣುದೃಷ್ಟಿಯ ಮೇಲೆ ಹಾಕುತ್ತಾರೆ.

ಹಾಗಾಗಿ ಟಗರು ಒಂದು ಊರಿನಿಂದ, ಹೆಣ್ಣುಕುರಿಗಳು ಇನ್ನೊಂದು ಊರಿನಿಂದ ಬರುವುದು ಮೇಲು. ಟಗರನ್ನು ಬದಲಿಸುವ ಕಾಲವನ್ನೂ ತಿಳಿದಿರಬೇಕು. ಕುರಿಯ ಗರ್ಭಾವಧಿ ಸುಮಾರು 150 ದಿನ, ಅಂದರೆ ಐದು ತಿಂಗಳು. ಹುಟ್ಟಿದ ಹೆಣ್ಣುಮರಿ ಒಂದು ವರ್ಷದ ಹೊತ್ತಿಗೆ ಬೆದೆಗೆ ಬರುತ್ತದೆ. ಲೆಕ್ಕ ಹಾಕಿದರೆ, ಟಗರನ್ನು ಬಿಟ್ಟ ಹದಿನೇಳು ಹದಿನೆಂಟು ತಿಂಗಳಿಗೆ ಅದರ ಮಗಳೇ ಅದರ ಮುಂದೆ ನಿಲ್ಲುತ್ತದೆ. ಅಷ್ಟರೊಳಗೆ ಟಗರನ್ನು ಬೇರೆ ಊರಿನ ಸಾಕಾಣಿಕೆದಾರರೊಡನೆ ವಿನಿಮಯ ಮಾಡಿಕೊಳ್ಳುವುದರಿಂದ ಇಬ್ಬರಿಗೂ ಹೊಸ ಟಗರು ಖರ್ಚಿಲ್ಲದೆ ದೊರೆಯುತ್ತದೆ. ಮರಿ ಮಾರಿದವರೇ ಇಂತಹ ವಿನಿಮಯಕ್ಕೆ ಒಪ್ಪಿದರೆ, ಅವರು ತಮ್ಮ ಮರಿಯ ಮೇಲೆ ತಾವೇ ನಂಬಿಕೆ ಇಟ್ಟಿದ್ದಾರೆಂದು ಭಾವಿಸಬಹುದು.

ರೋಗ ಮತ್ತು ಲಸಿಕೆ

ಹೊಸ ಮರಿಯೊಡನೆ ಹೊಸ ರೋಗ ಮನೆಗೆ ಬರಬಾರದು. ಪಿ.ಪಿ.ಆರ್. ಎಂದು ಕರೆಯುವ ಹಿರೇಬೇನೆ, ಕರುಳುಬೇನೆ, ಕುರಿ ಸಿಡುಬು, ನೀಲಿ ನಾಲಿಗೆ ರೋಗ ಮತ್ತು ಕಾಲುಬಾಯಿ ಜ್ವರ ಇವುಗಳ ಪೈಕಿ ಯಾವುದಕ್ಕೆ, ಯಾವಾಗ ಲಸಿಕೆ ಹಾಕಿಸಲಾಗಿದೆ ಎಂದು ಮಾರುವವರಲ್ಲಿ ಕೇಳಿ ಬರೆದುಕೊಳ್ಳತಕ್ಕದ್ದು. ಹಿರೇಬೇನೆಯ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ದನಗಳ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲನೆಯಾಯಿತೆಂದು ಘೋಷಿಸಲಾಯಿತು. ಅದೇ ಜಾತಿಯ ವೈರಾಣುವಿನಿಂದ ಕುರಿ ಮೇಕೆಗಳಿಗೆ ಬರುವ ಹಿರೇಬೇನೆಯನ್ನು 2030ರೊಳಗೆ ಇಲ್ಲವಾಗಿಸುವ ಗುರಿಯನ್ನು ಅಂತರರಾಷ್ಟ್ರೀಯ ಸಂಸ್ಥೆಗಳು ಇಟ್ಟುಕೊಂಡಿವೆ. ಜ್ವರ, ಕಣ್ಣು ಮೂಗಿನಿಂದ ಸೋರಿಕೆ, ಬಾಯಿಹುಣ್ಣು ಮತ್ತು ಭೇದಿ ಇದರ ಲಕ್ಷಣಗಳು. ಮರಿಗೆ ನಾಲ್ಕು ತಿಂಗಳಾದ ನಂತರ ಹಾಕಿಸುವ ಲಸಿಕೆಯಿಂದ ಸುಮಾರು ಮೂರು ವರ್ಷಗಳ ರಕ್ಷಣೆ ದೊರೆಯುತ್ತದೆ. ಕರುಳುಬೇನೆಯ ಲಸಿಕೆಯನ್ನು ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹಾಕಿಸಬೇಕು. ಕುರಿಗಳ ಲಸಿಕೆಗಳನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ತಯಾರಿಸಲಾಗುತ್ತದೆ.

ಗರ್ಭಪಾತಕ್ಕೆ ಕಾರಣವಾಗುವ ಬ್ರುಸೆಲ್ಲಾ ರೋಗವು ಟಗರಿನಿಂದ ಕುರಿಗಳಿಗೂ, ಕುರಿಗಳಿಂದ ಅವನ್ನು ನೋಡಿಕೊಳ್ಳುವ ಮನುಷ್ಯರಿಗೂ ಹರಡಬಲ್ಲದು. ಬೆಳೆದ ಟಗರನ್ನು ಕೊಳ್ಳುವವರು ರಕ್ತ ಪರೀಕ್ಷೆಯ ಬಗ್ಗೆ ಸಮೀಪದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ನಂತರ ವ್ಯಾಪಾರ ಮುಗಿಸುವುದು ಕ್ಷೇಮ.

ಮರಿಯನ್ನು ತಂದ ಮೇಲೆ ಮೂರು ವಾರಗಳ ಕಾಲ ಬೇರೆ ಕಟ್ಟಬೇಕು. ಮೇವು, ನೀರಿನ ಪಾತ್ರೆಗಳೂ ಬೇರೆ ಇರಬೇಕು. ಅರಕೆರೆಯಂತಹ ನಾಲೆ ಬಯಲಿನಲ್ಲಿ ಇನ್ನೊಂದು ಅಪಾಯವಿದೆ. ನಿಂತ ನೀರು ಮತ್ತು ಕೆಸರು ಗದ್ದೆಗಳಲ್ಲಿರುವ ಬಸವನಹುಳುಗಳ ಮೂಲಕ ಯಕೃತ್ತಿನ ಚಪ್ಪಟೆಹುಳುಗಳು ಕುರಿಗಳ ಹೊಟ್ಟೆ ಸೇರುತ್ತವೆ. ಒಣ ಭೂಮಿಯಲ್ಲಿ ಬೆಳೆದು ಬಂದ ಮರಿ ಇದಕ್ಕೆ ಬೇಗ ತುತ್ತಾಗುತ್ತದೆ. ನಾಲೆಯ ಅಂಚಿನ ಹಸಿ ಹುಲ್ಲನ್ನು ಹೊಸ ಮರಿಗೆ ಹಾಕಬಾರದು. ಸಗಣಿ ಪರೀಕ್ಷೆ ಮಾಡಿಸಿ, ಪಶುವೈದ್ಯರು ಹೇಳಿದ ಔಷಧವನ್ನು ಹೇಳಿದ ಪ್ರಮಾಣದಲ್ಲಿ ಕುಡಿಸಬೇಕು. ಸಾಮಾನ್ಯ ಜಂತುಹುಳುವಿನ ಔಷಧಗಳೆಲ್ಲವೂ ಚಪ್ಪಟೆಹುಳುವಿಗೆ ಕೆಲಸ ಮಾಡುವುದಿಲ್ಲ.

ಬೆಲೆ ಮತ್ತು ರಸೀದಿ

ತಳಿ ಟಗರುಮರಿಗೆ ಸರ್ಕಾರ ನಿಗದಿಪಡಿಸಿದ ಮಾರುಕಟ್ಟೆ ಬೆಲೆ ಎಂಬುದಿಲ್ಲ. ಮಾಂಸದ ಮರಿಯ ಬೆಲೆಯ ಮೇಲೆ ಎಷ್ಟು ಹೆಚ್ಚು ಕೊಡಲಾಗುತ್ತಿದೆಯೋ ಅದು ತಂದೆ ತಾಯಿಗಳ ಖಾತರಿಗೆ ಕೊಡುವ ಬೆಲೆ. ಖಾತರಿ ಇಲ್ಲದಲ್ಲಿ ಆ ಹೆಚ್ಚಿನ ಹಣ ಕೊಡಲು ಕಾರಣವಿಲ್ಲ. ಬಿಳಿ ಹಾಳೆಯ ಮೇಲಾದರೂ ಸರಿ, ಮಾರಿದವರ ಹೆಸರು ಮತ್ತು ಊರು, ಮರಿಯ ಕಿವಿ ಓಲೆಯ ಸಂಖ್ಯೆ ಅಥವಾ ಗುರುತು, ಹುಟ್ಟಿದ ತಿಂಗಳು, ತಂದೆ ತಾಯಿಗಳ ಗುರುತು, ಲಸಿಕೆಗಳ ವಿವರ, ಕೊಟ್ಟ ಹಣ ಇವನ್ನು ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳತಕ್ಕದ್ದು. ಟಗರು ಪ್ರಾಯಕ್ಕೆ ಬಂದ ಮೇಲೆ ಕುರಿಗಳು ಗಬ್ಬ ನಿಲ್ಲದಿದ್ದಲ್ಲಿ ಬದಲಿ ಮರಿ ಕೊಡುವ ಮಾತಿದ್ದರೆ ಅದನ್ನೂ ಬರೆಸಬೇಕು. ಬಾಯಿಮಾತಿನಲ್ಲಿ ಎಲ್ಲವನ್ನೂ ಒಪ್ಪಿ ಬರೆಯಲು ಮಾತ್ರ ಹಿಂಜರಿಯುವವರಲ್ಲಿ ವ್ಯಾಪಾರ ನಿಲ್ಲಿಸುವುದು ಉತ್ತಮ.

ದೊಡ್ಡ ಘಟಕಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯು 100 ಹೆಣ್ಣುಕುರಿ ಮತ್ತು 5 ಟಗರುಗಳ ಘಟಕದಿಂದ ಮೊದಲ್ಗೊಂಡು ಕುರಿ ಸಂವರ್ಧನಾ ಘಟಕಗಳಿಗೆ, ಗರಿಷ್ಠ ಮಿತಿಗೆ ಒಳಪಟ್ಟು, ಶೇ. 50 ರಷ್ಟು ಬಂಡವಾಳ ಸಹಾಯಧನವನ್ನು ನಿಗದಿಪಡಿಸಿತು. ಬಂಡೂರು ತಳಿಯಲ್ಲಿಯೇ ಈ ಘಟಕ ಮಾಡಬೇಕೆನ್ನುವವರು ಒಂದು ಸಂಗತಿಯನ್ನು ಯೋಚಿಸಬೇಕು. ಹಿತ್ತಲಲ್ಲಿ ಹತ್ತಿಪ್ಪತ್ತು ಕುರಿ ಸಾಕುವ ಮನೆಗಳಿಂದ 100 ಶುದ್ಧ ಹೆಣ್ಣುಕುರಿಗಳನ್ನು ಕೂಡಿಸಲು ತಿಂಗಳುಗಳೇ ಬೇಕಾಗುತ್ತವೆ. ವಾರದೊಳಗೆ ಒಂದೇ ಲಾರಿಯಲ್ಲಿ ಅಷ್ಟನ್ನೂ ಇಳಿಸುವುದಾಗಿ ಹೇಳುವ ದಲ್ಲಾಳಿಯ ಮಾತನ್ನು ಅನುಮಾನದಿಂದಲೇ ಕೇಳಬೇಕು. ಬ್ಯಾಂಕಿನ ಸಾಲ ಆ ಕುರಿಗಳ ಮೇಲೆಯೇ ನಿಂತಿರುತ್ತದೆ.

ಪಶು ಆಸ್ಪತ್ರೆಯಿಂದ ದೊರೆಯುವ ಸೇವೆಗಳು ಮತ್ತು ಅವುಗಳ ಮಿತಿ

ಪಶುವೈದ್ಯಾಧಿಕಾರಿಗಳು ಮರಿಯನ್ನು ಪರೀಕ್ಷಿಸಿ ಅದರ ಆರೋಗ್ಯ, ಹಲ್ಲಿನ ಆಧಾರದ ಮೇಲೆ ವಯಸ್ಸು, ಟಗರಾಗಿದ್ದಲ್ಲಿ ತಳಿಗೆ ಅದರ ದೈಹಿಕ ಯೋಗ್ಯತೆ ಇವುಗಳ ಬಗ್ಗೆ ಅಭಿಪ್ರಾಯ ನೀಡಬಲ್ಲರು. ಮರಿಯ ತಂದೆ ತಾಯಿ ಯಾವುವೆಂದು ಮರಿಯನ್ನು ನೋಡಿ ದೃಢೀಕರಿಸಲು ಅವರಿಂದ ಸಾಧ್ಯವಿಲ್ಲ. ಕಿವಿಯಲ್ಲಿರುವ 12 ಅಂಕಿಗಳ ಓಲೆಯು ಪ್ರಾಣಿಯ ಗುರುತಿಗೆ ಪುರಾವೆಯೇ ಹೊರತು ತಳಿಶುದ್ಧತೆಗೆ ಪುರಾವೆಯಲ್ಲ. 'ಸರ್ಕಾರಿ ಓಲೆ ಹಾಕಿದೆ, ಆದ್ದರಿಂದ ಅಸಲಿ ಬಂಡೂರು' ಎಂಬ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಪರೀಕ್ಷೆಗಾಗಿ ಮರಿಯನ್ನು ಆಸ್ಪತ್ರೆಗೆ ತರುವವರು ಬೆಳಗಿನ ವೇಳೆಯಲ್ಲಿ, ಬಿಸಿಲೇರುವ ಮೊದಲು ತರುವುದು ಸೂಕ್ತ. ಮಾರಿದವರಿಂದ ಪಡೆದ ರಸೀದಿ, ಲಸಿಕೆಯ ವಿವರ, ಮತ್ತು ಸಗಣಿ ಪರೀಕ್ಷೆಗಾಗಿ ಅಂದೇ ಹಾಕಿದ ಹಿಕ್ಕೆಗಳನ್ನು ಚಿಕ್ಕ ಡಬ್ಬಿಯೊಂದರಲ್ಲಿ ಮುಚ್ಚಿ ತರತಕ್ಕದ್ದು. ಮರಿಗೆ ಓಲೆ ಇಲ್ಲದಿದ್ದಲ್ಲಿ ಮಾಲೀಕರು ಆಧಾರ್ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆಯೊಡನೆ ಬಂದರೆ ನೋಂದಣಿಯ ಬಗ್ಗೆ ಅಲ್ಲಿಯೇ ವಿಚಾರಿಸಬಹುದು. ತಂದ ಮರಿ ಬೇರೆ ಕಟ್ಟಿರುವ ಮೂರು ವಾರಗಳಲ್ಲಿ ಕಾಯಿಲೆ ಬಿದ್ದರೆ ಅದನ್ನು ನಡೆಸಿಕೊಂಡು ಆಸ್ಪತ್ರೆಗೆ ತರದೆ, ಮನೆಯಲ್ಲಿಯೇ ಇರಿಸಿ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಬೇಕು. ದಾರಿಯಲ್ಲಿ ಎದುರಾಗುವ ಬೇರೆಯವರ ಕುರಿಗಳಿಗೆ ರೋಗ ಹರಡುವುದನ್ನು ಇದು ತಪ್ಪಿಸುತ್ತದೆ. ಮರಿ ಸತ್ತಲ್ಲಿ ಹೂಳುವ ಮೊದಲು ಪಶುವೈದ್ಯಾಧಿಕಾರಿಗಳಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸತಕ್ಕದ್ದು. ಆ ವರದಿ ಇಲ್ಲದೆ ವಿಮೆಯ ಅಥವಾ ಪರಿಹಾರದ ಅರ್ಜಿಗಳನ್ನು ಪರಿಗಣಿಸಲು ಬರುವುದಿಲ್ಲ, ಮತ್ತು ಮಾರಿದವರ ಬಳಿ ಬದಲಿ ಮರಿ ಕೇಳಲು ಹೋದಾಗ ತೋರಿಸಲು ಬೇರೆ ಕಾಗದವೂ ಇರುವುದಿಲ್ಲ.